ಕೊಳದಾಚೆಯ ಕಟ್ಟೆ

ಆಗ ನಾನು ಪುಣೆಯ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದೆ. ಅಲ್ಲಿ ಒಂದು ಕಡೆ ಚೆಂಡು ಕೊಳ ದಾಟಬೇಕಿತ್ತು. ಕೋಥರೂಡ ಬಡಾವಣೆಯಿಂದ ಆಡಲು ಬರುತ್ತಿದ್ದ ಕುಲಕರ್ಣಿಯವರಿಗೆ ಲಕ್ವ ಹೊಡೆದ ಮೇಲೆ ಅವರ ಚೆಂಡು ದಿನವೂ ನೀರಿಗೇ ಬೀಳುತ್ತಿತ್ತು. ಕೊಳದಾಚೆ, ನೀರು ದಾಟಿಸದೆಯೇ ಹೆಂಗಸರು ಮೊದಲ ಹೊಡೆತ ಹೊಡೆಯುವ ಕಟ್ಟೆಯೊಂದಿತ್ತು. ಅದನ್ನು ಅಗಲ ಮಾಡಿ ವಯಸ್ಸಾದವರಿಗೂ ಬಿಟ್ಟುಕೊಟ್ಟೆವು.

"ಇಲ್ಲಿಂದ ಹೊಡೀರಿ ಸರ," ಎಂದು ಒಂದು ದಿನ ಕುಲಕರ್ಣಿಯವರಿಗೆ ಅಂದೆ.

"ಅದು ಹೆಂಗಸರ ಜಾಗಾರೀ. ನನಗ ಬ್ಯಾಡ," ಎಂದು ಮುಖ ತಿರುಗಿಸಿದರು.

ಜೊತೆಗೆ ಆಡಲು ಬಂದಿದ್ದ ಅವರ ಹೆಂಡತಿ ಮೆಲ್ಲಗೆ, "ಇಷ್ಟು ವರ್ಷ ನಾ ಒಬ್ಬಾಕಿನ ಇಲ್ಲಿ ನಿಂತೀನಿ. ಇವತ್ತ ನನ್ನ ಜೋಡಿ ನಿಂದರ್ರಿ," ಅಂದರು.

ಕುಲಕರ್ಣಿಯವರು ಬಂದು ನಿಂತು ಹೊಡೆದರು. ಚೆಂಡು ಕುಳಿಯ ಬಾವುಟದ ಹತ್ತಿರ ಹೋಗಿ ನಿಂತಿತು. ಅವರ ಕಣ್ಣು ತುಂಬಿ ಬಂತು.

"ಇದನ್ನ ಮೊದಲ ಯಾಕ ಮಾಡಲಿಲ್ರಿ?" ಎಂದು ನನ್ನನ್ನೇ ಬೈದರು.

ಅಂದಿನ ಆಟ ಮಾತ್ರ ಅವರ ಹೆಂಡತಿಯೇ ಗೆದ್ದರು.