ಹಿಟ್ಟಿನ ಜಿಗಿ, ಚುಕ್ಕಿಯ ಕಬ್ಬಿಣ

ಅಕ್ಕೋರ ಕನ್ನಡಕಕ್ಕೆ ಒಂದೇ ಕಡ್ಡಿ. ಇನ್ನೊಂದು ಕಡೆ ಕರಿ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಏನಾದರೂ ತಿಳಿಯದಿದ್ದರೆ ಆ ದಾರವನ್ನು ಬೆರಳಿಗೆ ಸುತ್ತುತ್ತ ಯೋಚಿಸುವರು. ಜೇವರ್ಗಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ನಮ್ಮ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದರು. ಏಳನೇ ತರಗತಿಗೇ ಶಾಲೆ ಬಿಟ್ಟ ನನಗೆ ಅಂಥವರ ನೆರೆ ಸಿಕ್ಕಿದ್ದು ಶಿವ ಕೊಟ್ಟ ಭಾಗ್ಯ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ನಾನು ಪರಾತದಲ್ಲಿ ಹಿಟ್ಟು ನಾದಿಕೊಂಡು ರೊಟ್ಟಿ ಬಡಿಯುವಾಗ, ಟಪಾಲಿನಲ್ಲಿ ಬಂದ ವಿಜ್ಞಾನ ಮಾಸಿಕ ಹಿಡಿದುಕೊಂಡು ಬಂದು ಒಲೆಯ ಹತ್ತಿರ ಕೂತರು.

“ತಂಗಿ, ನಮ್ಮ ಸೂರ್ಯನ್ಹಂಗ ಬ್ಯಾರೆ ಚುಕ್ಕಿಗೂ ಗ್ರಹ ಅವ. ಯಾವ ಚುಕ್ಕಿಯೊಳಗ ಕಬ್ಬಿಣದಂಥವು ಹೆಚ್ಚದಾವೋ, ಅದರ ಸುತ್ತ ದೊಡ್ಡ ಗ್ರಹ ಹೆಚ್ಚು ಸಿಗಾಕತ್ತಾವಂತ. ಯಾಕಿರಬೇಕು?”

“ಚುಕ್ಕಿ, ಗ್ರಹ ಎರಡೂ ಒಂದೇ ಪರಾತದ ಹಿಟ್ಟೇನ್ರಿ?”

“ಹೌದವಾ. ಒಂದೇ ಧೂಳಿನ ಮೋಡದಾಗ ಹುಟ್ಟಿದವು.”

“ಮತ್ತ ಆ ಕಬ್ಬಿಣ ಹಿಟ್ಟಿನ ಜಿಗಿ ಇದ್ಹಂಗ ನೋಡ್ರಿ. ಹಳೆ ಹಿಟ್ಟು ಅಂಟಂಗಿಲ್ಲ, ಅಂಗೈಯಷ್ಟಾಗೂದ್ರಾಗ ಅಂಚು ಸೀಳ್ತದ. ಜಿಗಿ ಇದ್ರ ಹಂಚು ತುಂಬೂ ರೊಟ್ಟಿ. ನನ್ನ ತಲಿಯಾಗ ಹಿಟ್ಟು ಬಿಟ್ರ ಮತ್ತೇನದ ಬಿಡ್ರಿ!”

ಅವರು ನಗಲಿಲ್ಲ. “ನಾಳೆ ಎಂಟನೇ ಕ್ಲಾಸಿಗೆ ಬಂದು ಇದನ್ನ ಮಾಡಿ ತೋರಿಸು.”

ಎಂಟನೆಯದರಲ್ಲಿ ನನ್ನ ಮಗಳೇ ಇದ್ದಳು. “ಬ್ಯಾಡಬೇ ಯವ್ವಾ! ರೊಟ್ಟಿ ಬಡಿಯಾಕ ಸಾಲಿಗೆ ಬರ್ತಾರೇನು? ಎಲ್ಲಾರೂ ನನಗ ನಗ್ತಾರ” ಎಂದು ಅತ್ತಳು. ಹೋಗಬಾರದೆಂದೇ ಇದ್ದೆ. ಮರುದಿನ ಅಕ್ಕೋರು ಪರಾತವನ್ನು ತಾವೇ ಎತ್ತಿ ಬಗಲಿಗಿಟ್ಟುಕೊಂಡು ನಡೆದುಬಿಟ್ಟರು. ಹಿಂದೆ ಹೋಗದೆ ಹೇಗಿರಲಿ?

ಮೇಜಿನ ಮೇಲೆ ಎರಡೂ ಹಿಟ್ಟು ಬಡಿದೆ. ಹಳೆಯದು ಸೀಳಿತು, ಹುಡುಗಿಯರು ಕಿಸಕ್ಕೆಂದರು. ಮಗಳು ತಲೆ ತಗ್ಗಿಸಿದಳು. ಹೊಸದು ಅಗಲಕ್ಕೆ ಹರಡಿಕೊಂಡಿತು.

“ಹಿಟ್ಟು ಮುಟ್ಟಿದ್ರ ತಿಳೀತದ. ಚುಕ್ಕಿ ಮುಟ್ಟಾಕ ಬರಂಗಿಲ್ಲ. ಅದರ ಬೆಳಕು ಬಣ್ಣಬಣ್ಣಕ್ಕ ಬಿಡಿಸಿ ಕಬ್ಬಿಣ ಹುಡುಕ್ತಾರ. ಈ ಜಿಗಿ ಮಾತು ನಂದಲ್ಲ, ಇವರದು” ಎಂದು ಅಕ್ಕೋರು ನನ್ನ ಕಡೆ ಕೈ ತೋರಿದರು.

ಆಗ ಮಗಳು ಎದ್ದು ನಿಂತಳು. “ಅಕ್ಕೋರ, ಉಲ್ಟಾ ಇರಬಾರದೇನ್ರಿ? ಗ್ರಹಾನೇ ಚುಕ್ಕಿಯೊಳಗ ಬಿದ್ದು ಕಬ್ಬಿಣ ಹೆಚ್ಚಾಗಿದ್ರ? ನಮ್ಮವ್ವ ಸೀಳಿದ ರೊಟ್ಟಿ ಹೊಳ್ಳಿ ಹಿಟ್ಟಿನ್ಯಾಗ ನಾದ್ತಾಳ.”

ಅಕ್ಕೋರ ಬೆರಳು ದಾರಕ್ಕೆ ಹೋಯಿತು. “ನನಗ ಗೊತ್ತಿಲ್ಲವ್ವಾ. ಓದಿದವರಿಗೂ ಇನ್ನಾ ಪಕ್ಕಾ ಗೊತ್ತಿಲ್ಲ.” ಗೊತ್ತಿಲ್ಲ ಎನ್ನುವಾಗ ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ನೋಡಿಲ್ಲ. ಮನೆಗೆ ಮರಳುವಾಗ ಪರಾತ ಮಗಳ ತಲೆಯ ಮೇಲಿತ್ತು.

ಮುಂದೆ ಅವರಿಗೆ ಅಫಜಲಪುರಕ್ಕೆ ವರ್ಗವಾಯಿತು. ಅಲ್ಲೇ ಜ್ವರ ಬಂದು ತೀರಿಕೊಂಡರು. ಅವರ ತಮ್ಮ ಆ ಮಾಸಿಕವನ್ನು ತಂದುಕೊಟ್ಟ. ಪುಟದ ಅಂಚಿನಲ್ಲಿ ಸೀಸದಕಡ್ಡಿಯ ಬರಹ: “ಜಿಗಿ: ತಂಗಿ ಹೇಳಿದ್ದು. ಉಲ್ಟಾ ಯಾಕಿರಬಾರದು: ಅವಳ ಮಗಳು ಕೇಳಿದ್ದು. ಉತ್ತರ ಬಂದರೆ ಇಬ್ಬರಿಗೂ ತಿಳಿಸಬೇಕು.”

ಅದನ್ನು ದೇವರ ಜಗುಲಿಯ ಮೇಲಿಟ್ಟಿದ್ದೇನೆ. ವಿಭೂತಿ ಹಚ್ಚಿಕೊಂಡ ಮೇಲೆ ಒಮ್ಮೆ ತೆರೆದು, ನನ್ನ ಮಾತು ಬರೆದ ಆ ಸಾಲನ್ನು ಓದಿ, ಆಮೇಲೆ ಹಿಟ್ಟಿಗೆ ಕೈ ಹಾಕುತ್ತೇನೆ.