ಹುಸೇನಪ್ಪ ಹೇಳದೆ ಬಿಟ್ಟ ಮಾತು

ಸುಮ್ಮನೆ ಕೂತಾಗಲೂ ಹುಸೇನಪ್ಪನವರ ಬಲಗೈಯ ಎರಡು ಬೆರಳು ತಿರುಗುತ್ತಲೇ ಇರುತ್ತಿದ್ದವು. ಟೀ ಕುಡಿಯುವಾಗ, ಮಗಳು ಪಾಠ ಒಪ್ಪಿಸುವಾಗ, ನಲ್ಲಿಯ ಮುಂದೆ ಕೊಡ ತುಂಬುವುದನ್ನು ಕಾಯುವಾಗ, ಕಾಣದ ತಂತಿಯೊಂದನ್ನು ಹುರಿ ಮಾಡುತ್ತಿರುವಂತೆ. ಅವರ ಕೆಲಸವೇ ಅದು. ಕಾಂಕ್ರೀಟು ಸುರಿಯುವ ಮೊದಲು ಕಬ್ಬಿಣದ ಕಂಬಿಗಳನ್ನು ಜಾಲದಂತೆ ಹಾಸಿ, ಒಂದಕ್ಕೊಂದು ಕೂಡುವ ಕಡೆಯೆಲ್ಲ ತೆಳ್ಳನೆಯ ತಂತಿ ಸುತ್ತಿ ಬಿಗಿಯುವುದು. ಬೆಳಗಿನಿಂದ ಸಂಜೆಯವರೆಗೆ ತಿರುಗಿದ ಬೆರಳಿಗೆ ಮನೆಗೆ ಬಂದ ಮೇಲೆ ನಿಲ್ಲುವುದು ಗೊತ್ತಾಗುತ್ತಿರಲಿಲ್ಲ.

ಬೆಂಗಳೂರಿನ ಅಂಚಿನ ಜಿಗಣಿಯಲ್ಲಿ ನಾವಿದ್ದದ್ದು ಸಾಲು ರೂಮುಗಳ ಒಂದು ವಠಾರ. ನಡುವೆ ಅಂಗಳ, ಅಂಗಳಕ್ಕೊಂದು ನಲ್ಲಿ. ಫ್ಯಾಕ್ಟರಿಯೊಂದರಲ್ಲಿ ತಯಾರಾದ ಭಾಗಗಳ ಅಳತೆ ನೋಡುವುದು ನನ್ನ ಕೆಲಸ, ಒಬ್ಬಳೇ ಇದ್ದೆ. ಪಕ್ಕದ ರೂಮಿನಲ್ಲಿ ಹುಸೇನಪ್ಪ, ಹೆಂಡತಿ ಹುಲಿಗೆಮ್ಮ, ಹೈಸ್ಕೂಲಿಗೆ ಹೋಗುವ ಮಗಳು ಲಕ್ಷ್ಮಿ. ರಾಯಚೂರಿನ ಕಡೆಯವರು. ಅವರಿಗೆ ರೂಮು ಕೊಡಿಸಿದ್ದು ಕಂಟ್ರಾಕ್ಟರ್. ಹೀಗಾಗಿ ಅವರ ಹೆಸರೇನೆಂದು ವಠಾರದಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಅವರು ಮೇಸ್ತ್ರಿ. ಹುಲಿಗೆಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ. ಅವಳ ಬಾಯಲ್ಲಿ ಅವರು ಯಾವಾಗಲೂ ‘ಲಕ್ಷ್ಮೀ ಅಪ್ಪ’.

ನಾನು ಬಂದ ಹೊಸದರಲ್ಲಿ ಬಟ್ಟೆ ಒಣಹಾಕುವ ನನ್ನ ಹಗ್ಗ ಜೋತುಬೀಳುತ್ತಿತ್ತು. ಅವರು ನೋಡಿ, ಏನೂ ಕೇಳದೆ, ಹಗ್ಗ ಬಿಚ್ಚಿ ತಂತಿ ಎಳೆದು ಕಟ್ಟಿದರು. ಇನ್ನೊಂದು ಸುತ್ತು ಹಾಕಿ ಎಂದೆ.

“ಬ್ಯಾಡ್ರಿ ಅಕ್ಕಾರ. ಭಾಳ ಬಿಗದ್ರ ತಂತಿನ ಕಡೀತದ. ಇದು ಸಾಕು,” ಎಂದರು. ಮರುದಿನ ಒದ್ದೆ ಕಂಬಳಿ ಹಾಕಿ ನೋಡಿದೆ. ಜಗ್ಗಲಿಲ್ಲ.

ಮೊಹರಂ ಬಂದಾಗ ಹುಲಿಗೆಮ್ಮ ಚೊಂಗೆ ಎಂಬ ಬೆಲ್ಲದ ಸಿಹಿರೊಟ್ಟಿ ಮಾಡುತ್ತಿದ್ದಳು. ಹುಸೇನಪ್ಪ ದರ್ಗಾದಲ್ಲಿ ಸಕ್ಕರೆಗೆ ಫಾತಿಹಾ ಓದಿಸಿಕೊಂಡು ಬರುತ್ತಿದ್ದರು. ಪ್ರತಿ ರೂಮಿಗೂ ಒಂದೊಂದು ತಟ್ಟೆ, ಮಾಲೀಕ ಮುನಿರಾಜಣ್ಣನವರ ಮನೆಗೆ ದೊಡ್ಡ ತಟ್ಟೆ. ಮುನಿರಾಜಣ್ಣ ಅದೇ ಊರಿನ ಹಳಬರು. ಅದು ಯಾವುದೋ ಉತ್ತರ ಕರ್ನಾಟಕದ ಹಬ್ಬದ ಸಿಹಿ ಎಂದುಕೊಂಡು ತಿಂದು, “ಏನ್ ಮೇಸ್ತ್ರಿ, ಸಕ್ಕತ್ತಾಗೈತಲ್ಲ, ಮುಂದಿನ ಸಲ ಇನ್ನೊಂದೆರಡು ಜಾಸ್ತಿ ಮಡುಗು,” ಎನ್ನುತ್ತಿದ್ದರು. ಊರಿನ ಮುನೇಶ್ವರನ ಗುಡಿಗೆ ಹೊಸ ತಾರಸಿ ಹಾಕುವಾಗ ಕಂಬಿ ಕಟ್ಟಿದವರು ಹುಸೇನಪ್ಪನವರೇ. ಭಾನುವಾರಗಳಲ್ಲಿ, ಕೂಲಿ ಇಲ್ಲದೆ.

ಅವರ ಹೆಸರು ಹೊರಬಿದ್ದದ್ದು ಮನೆಮನೆ ಸಮೀಕ್ಷೆಗೆ ಟೀಚರ್ ಒಬ್ಬರು ಬಂದ ದಿನ. ನಮ್ಮಲ್ಲಿ ಇಂಥವರು ಬಂದರೆ ಅಂಗಳದಲ್ಲಿ ಕುರ್ಚಿ ಹಾಕುತ್ತೇವೆ, ಸುತ್ತ ಎಲ್ಲರೂ ನಿಲ್ಲುತ್ತೇವೆ. ಒಬ್ಬರ ಮನೆಯ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಹೇಳಿಕೊಡುತ್ತೇವೆ. ಅಂದೂ ಹಾಗೇ ಆಯಿತು. ಮುನಿರಾಜಣ್ಣ ಮೆಟ್ಟಿಲ ಮೇಲೆ ಕೂತಿದ್ದರು.

ಟೀಚರ್ ಹುಲಿಗೆಮ್ಮನನ್ನು ಗಂಡನ ಹೆಸರು ಕೇಳಿದರು. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಹೇಳಮ್ಮ, ನಾಚ್ಕೋಬೇಡ, ಮದ್ವೇಲಿ ಹೇಳಿಲ್ವಾ?” ಎಂದು ಹೆಂಗಸರು ಕಾಡಿದರು. ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಅವರೇ ತಲೆಯೆತ್ತಿ, “ಹುಸೇನಪ್ಪ ಅಂತ ಬರ್ಕೋರಿ ಟೀಚರ,” ಎಂದರು. ದನಿಯಲ್ಲಿ ಸಂತೋಷವಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ.

ನಗು ನಿಂತಿತು. ಟೀಚರ್ ಮೊಬೈಲಿನಿಂದ ಕಣ್ಣು ತೆಗೆಯದೆ, “ಧರ್ಮ, ಮುಸ್ಲಿಂ ಅಲ್ವಾ?” ಎಂದರು.

“ಹಿಂದೂ ರೀ. ಮೊಹರಂದಾಗ ಕೂಡ್ಸೋ ಅಲಾಯಿ ದೇವ್ರಿಗೂ ನಡಕೊಂತೀವಿ. ಅದನ್ನೂ ಹಾಕ್ರಿ.”

“ಒಂದೇ ಹಾಕೋಕಾಗೋದು ಅಣ್ಣ.”

“ಹಂಗಾರ ಹಿಂದೂ ಅಂತನ ಹಾಕ್ರಿ.”

ಟೀಚರ್ ಹಾಗೇ ಹಾಕಿಕೊಂಡರು. ಪ್ರಶ್ನೆ ಮುಗಿಯಿತು. ಟೀಚರ್ ಒರಟಾಗಿ ಏನೂ ಕೇಳಲಿಲ್ಲ, ಕೇಳಬೇಕಾದದ್ದನ್ನು ಕೇಳಿದರು. ಆದರೆ ಮುಂದಿನ ಮನೆಯ ಸರದಿ ಬಂದಾಗ ಯಾರೂ ತಮಾಷೆ ಮಾಡಲಿಲ್ಲ.

ಸುಮಾರು ಒಂದು ವಾರ ಕಳೆದ ಮೇಲೆ ಮುನಿರಾಜಣ್ಣ ಬಂದರು. ಜಗಳಕ್ಕೆ ಬಂದವರಲ್ಲ, ಚಪ್ಪಲಿ ಹೊರಗೆ ಬಿಟ್ಟೇ ಬಂದರು. ನಾನು ಹೊಸಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ.

“ನೀನು ಒಳ್ಳೆಯವ್ನೇ ಕಣಪ್ಪ ಮೇಸ್ತ್ರಿ. ನೀವು ಇಲ್ಲಿರೋಕೆ ನಮ್ಮನೇವ್ರು ಒಪ್ತಿಲ್ಲ. ಕಾಗದದಾಗೆ ಏನಾರ ಬರ್ಸು, ಎಸ್ರು ಯೋಳ್ತೈತಲ್ಲ. ಒಂದ್ ಕೆಲ್ಸ ಮಾಡು. ಭಾನುವಾರ ಗುಡಿ ತಾವ ಬಾ. ನಾನು ಸಾಬ್ರೋನಲ್ಲ, ಆ ದೇವ್ರಿಗೂ ನಮಗೂ ಸಂಬಂಧ ಇಲ್ಲ ಅಂತ ನಾಕು ಜನದ ಮುಂದೆ ಯೋಳ್ಬುಡು. ರೂಮು ನಿಂದೇ.”

ಹುಸೇನಪ್ಪನವರ ಬೆರಳು ತಿರುಗುತ್ತಿದ್ದವು.

“ಮೊದಲನೇದು ಹೇಳ್ತೀನ್ರಿ. ಅದು ಖರೇನ ಐತಿ. ಎರಡನೇದು ಹ್ಯಾಂಗ ಹೇಳ್ಲಿ? ನನಗಿಂತ ಮೊದ್ಲು ನಮ್ಮವ್ವನ ಕೂಸುಗಳು ಒಂದೂ ಉಳೀಲಿಲ್ಲ. ಅಲಾಯಿ ದೇವ್ರಿಗೆ ಹರಕಿ ಹೊತ್ತು ನನ್ನ ಹಡದಾಳ. ಆ ದೇವ್ರ ಹೆಸರನ ಇಟ್ಟಾಳ. ನಮ್ಮೂರಾಗ ಇಂಥಾ ಹೆಸರಿನವ್ರು ಓಣಿಗೊಬ್ರು ಅದಾರ್ರಿ. ಸಂಬಂಧ ಇಲ್ಲ ಅಂದ್ರ ನಾ ಹುಟ್ಟೇ ಇಲ್ಲ ಅಂದಂಗ ಆತಲ್ರೀ.”

“ಒಂದು ಮಾತಪ್ಪ, ಅಷ್ಟೇಯ.”

“ಹೌದ್ರಿ. ಒಂದು ಮಾತು.”

ಒಳಗಿನಿಂದ ಹುಲಿಗೆಮ್ಮ, “ಲಕ್ಷ್ಮೀ ಸಾಲಿ ಏನು ಮಾಡೂದು?” ಎಂದಳು. ಹುಸೇನಪ್ಪ ಭಾನುವಾರ ಗುಡಿಗೆ ಹೋಗಲಿಲ್ಲ. ತಿಂಗಳ ಕೊನೆಗೆ ಗೂಡ್ಸ್ ಆಟೋ ಬಂತು. ಸ್ಟವ್, ಟ್ರಂಕು, ಲಕ್ಷ್ಮಿಯ ಸೈಕಲ್ಲು. ಮುನಿರಾಜಣ್ಣ ಸೈಕಲ್ಲು ಎತ್ತಿಕೊಡಲು ಕೈ ಹಾಕಿದರು. ಹುಸೇನಪ್ಪ ಬೇಡ ಎನ್ನಲಿಲ್ಲ.

ಈಗ ದೇಶದ ಜನಗಣತಿಯ ಮಾತು ನಡೆಯುತ್ತಿದೆ. ಅದರಲ್ಲಿ ಧರ್ಮ ಕೇಳಬೇಕೇ ಬೇಡವೇ ಎಂದು ಫ್ಯಾಕ್ಟರಿಯಲ್ಲೂ ಊಟದ ಹೊತ್ತಿಗೆ ವಾದವಾಗುತ್ತದೆ. ಕೇಳಲೇಬಾರದು ಎಂದು ನಾನೊಮ್ಮೆ ಜೋರಾಗಿ ಹೇಳಿದೆ. ಎದುರಿಗಿದ್ದ ವೆಲ್ಡರ್ ಅನ್ವರ್ ತಲೆಯಾಡಿಸಿದ. “ಹಂಗಲ್ಲ ಅಕ್ಕ. ನಾವು ಇಷ್ಟು ಜನ ಇದೀವಿ ಅಂತ ಲೆಕ್ಕ ಇಲ್ದಿದ್ರೆ ಹೆಣ ಹೂಳೋಕೆ ಜಾಗ ಕೊಡಿ ಅಂತ ಯಾವ ಬಾಯಲ್ಲಿ ಕೇಳೋದು? ಬರೀಲಿ ಬಿಡಿ.” ನನಗೆ ಆವತ್ತು ಅಂಗಳದಲ್ಲಿ ನಿಂತುಹೋದ ನಗು ನೆನಪಾಯಿತು.

ಹುಸೇನಪ್ಪನವರನ್ನು ಕೊನೆಯ ಸಲ ನೋಡಿದ್ದು ಸಿಂಗಸಂದ್ರದಲ್ಲಿ, ತರಕಾರಿ ಗಾಡಿಯ ಹತ್ತಿರ. ಹುಲಿಗೆಮ್ಮನೂ ಇದ್ದಳು. ಹಿಂದಿನ ಗಲ್ಲಿಯಲ್ಲಿ ರೂಮು ಸಿಕ್ಕಿದೆ, ಲಕ್ಷ್ಮಿ ಎರಡು ಬಸ್ಸು ಬದಲಿಸಿ ಹಳೆಯ ಸ್ಕೂಲಿಗೇ ಹೋಗುತ್ತಾಳೆ ಎಂದರು. ಅಲ್ಲಿ ಹೆಸರು ಕೇಳಲಿಲ್ಲವೇ ಎಂದೆ.

“ಮನಿ ಒಡತಿ ನನ್ನ ಕೇಳಿದ್ಲು ಅಕ್ಕಾರ,” ಎಂದು ಹುಲಿಗೆಮ್ಮ ಮತ್ತೆ ಸೆರಗು ಬಾಯಿಗಿಟ್ಟಳು. “ಗಂಡನ ಹೆಸರ ನಾ ಹ್ಯಾಂಗ ಹೇಳ್ಲಿ? ಲಕ್ಷ್ಮೀ ಅಪ್ಪ ಅಂದೆ. ಸುಮ್ಮನಾದ್ಲು.”

ಹುಸೇನಪ್ಪ ನನ್ನ ಮುಖ ನೋಡಿದರು. “ಹೇಳಿಲ್ಲ ಅಷ್ಟ ರೀ. ಇಲ್ಲ ಅಂದಿಲ್ಲ.”

ಜನಗಣತಿ ಬರುತ್ತದಂತೆ ಎಂದೆ. ಅವರು ಟೊಮೆಟೊ ಆರಿಸುತ್ತಿದ್ದ ಕೈ ಹಿಂದಕ್ಕೆ ತೆಗೆದರು. ಆ ಎರಡು ಬೆರಳು ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಆವತ್ತು ಆ ಟೀಚರ ಕೇಳಿದ್ದು ನನಗ ಛಲೋ ಅನಿಸಿತ್ರಿ,” ಎಂದರು. “ಅಷ್ಟು ದಿನದಾಗ ನನ್ನ ಹೆಸರು ಕೇಳಿದಾಕಿ ಆಕಿ ಒಬ್ಬಾಕಿನ.” ಆಮೇಲೆ ದನಿ ತಗ್ಗಿಸಿ, “ಈ ಸಲ ಬರಕೊಳ್ಳಾಕ ಬಂದೋರ್ನ ಒಳಗ ಕರೀಬಹುದಲ್ರೀ, ಬಾಗ್ಲ ಹಾಕ್ಕೊಂಡು?”

ಕರೆಯಬಹುದು ಎಂದೆ. ನನಗೆ ಗೊತ್ತಿರಲಿಲ್ಲ.

ಗಲ್ಲಿಯ ಮಹಡಿಯಿಂದ ಹೆಂಗಸೊಬ್ಬರು, “ಲಕ್ಷ್ಮೀ ಅಪ್ಪಾ, ಟ್ಯಾಂಕ್ ತುಂಬ್ತು, ಮೋಟ್ರು ಆಫ್ ಮಾಡಿ!” ಎಂದು ಕೂಗಿದರು.

“ಬಂದೆ ರೀ,” ಎಂದು ಅವರು ಹೋದರು.