ಮುಂಭಾರ

ಮೈದುನನ ಟ್ರಾಕ್ಟರಿನ ಮೂತಿ ಮೇಲೇಳುವುದನ್ನು ನಾನು ಮೊದಲು ನೋಡಿದ್ದು ಹೋದ ವರ್ಷ, ಕಬ್ಬು ಕಡಿಯುವ ಕಾಲದಲ್ಲಿ. ಪಾಂಡವಪುರದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮುಗಿಸಿ ಸ್ಕೂಟಿಯಲ್ಲಿ ಊರಿಗೆ ಬರುತ್ತಿದ್ದೆ. ನಾಲೆ ಏರಿಗೆ ಹತ್ತುವ ದಿಬ್ಬದಲ್ಲಿ ಅವನ ಟ್ರಾಕ್ಟರು, ಅದರ ಹಿಂದೆ ಕಬ್ಬು ತುಂಬಿದ ಟ್ರೈಲರು. ಮುಂದಿನ ಎರಡು ಚಕ್ರ ನೆಲ ಬಿಟ್ಟು ಎದ್ದು, ಒಂದು ಗಳಿಗೆ ಗಾಳಿಯಲ್ಲಿ ನಿಂತು, ಧೊಪ್ಪನೆ ಕೂತವು. ಆ ಗಳಿಗೆಯಲ್ಲಿ ಸ್ಟೇರಿಂಗ್ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಬಲಕ್ಕೆ ತುಂಬಿದ ನಾಲೆ. ತಡೆಗೋಡೆ ಇರಲಿಲ್ಲ.

ಮನೆಗೆ ಬಂದು ಕೂಗಾಡಿದೆ. ಮೈದುನ ನಕ್ಕ. "ಕುದ್ರೆ ಕುಣಿಯಕಿಲ್ವಾ ಅತ್ಗೆಮ್ಮ, ಅಂಗೇ ಇದೂವೆ."

ಜಗಲಿಯಲ್ಲಿದ್ದ ಮಾವ ಒಂದು ಕಾಲಕ್ಕೆ ಎತ್ತಿನ ಗಾಡಿ ಹೊಡೆದವರು. "ಹೇರು ಮುಂಬಾರ ಇರ್ಬೇಕು ಕಣವ್ವ. ಇಂಬಾರ ಆದ್ರೆ ಮೂಕಿ ಎದ್ದು ಎತ್ತಿನ ಕುತ್ಗೆ ಬಿಗೀತದೆ" ಎಂದರು.

ಗಾಡಿಗೆ ಅದು ಸರಿ. ಮುಂಭಾರವನ್ನು, ನೊಗ ಕಟ್ಟುವ ಆ ಮೂಕಿಮರದ ಮೂಲಕ, ಎತ್ತಿನ ಹೆಗಲು ಹೊರುತ್ತದೆ. ಟ್ರೈಲರಿನ ಮುಂಭಾರ ಬೀಳುವುದು ಟ್ರಾಕ್ಟರಿನ ಬಾಲಕ್ಕೆ, ದೊಡ್ಡ ಚಕ್ರಗಳಿಗಿಂತಲೂ ಹಿಂದೆ. ಬಾಲ ಅದುಮಿದರೆ ಮೂತಿ ಏಳದೆ ಇನ್ನೇನಾದೀತು? ಅಪ್ಪನ ಮಾತಿನಂತೆ ಮೈದುನ ಕಬ್ಬನ್ನೆಲ್ಲ ಮುಂದಕ್ಕೇ ಒತ್ತಿ ಹೇರುತ್ತಿದ್ದ. ನಾನು ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಮುಂದಿನ ಹೇರಿನ ಜೊತೆ ನಾನೇ ವೇಬ್ರಿಡ್ಜಿಗೆ ಹೋದೆ. ನಮ್ಮನೆಯವರೂ ಬಂದರು, ಅಣ್ಣತಮ್ಮಂದಿರದು ಕೂಡು ಬೇಸಾಯ. ಮೊದಲು ಟ್ರಾಕ್ಟರಿನ ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ತೂಗಿಸಿದೆ, ಆಮೇಲೆ ದೊಡ್ಡ ಚಕ್ರಗಳನ್ನಷ್ಟೇ. ಒಟ್ಟು ಭಾರ ನಿಂತಿರುವ ಬಿಂದುವಿನಿಂದ ಮುಂದಿನ ಚಕ್ರದ ದೂರವನ್ನು ಅದರ ಮೇಲೆ ಬಿದ್ದ ತೂಕದಿಂದ ಗುಣಿಸಿದರೂ, ಹಿಂದಿನದನ್ನು ಹಾಗೇ ಗುಣಿಸಿದರೂ ಒಂದೇ ಬರಬೇಕು. ತಕ್ಕಡಿಯ ಲೆಕ್ಕ, ಅಷ್ಟೆ. ಕಬ್ಬಿನ ತುಂಡಿನಿಂದ ಮಣ್ಣಿನಲ್ಲಿ ಗೀಚಿ ಆ ಬಿಂದುವನ್ನು ಹುಡುಕಿದೆ. ದೊಡ್ಡ ಚಕ್ರದ ಅಚ್ಚಿನಿಂದ ಮುಂದಕ್ಕೆ ಗೇಣುದ್ದವೂ ಇರಲಿಲ್ಲ. ಅದೂ ಮಟ್ಟದ ನೆಲದಲ್ಲಿ. ದಿಬ್ಬದಲ್ಲಿ ಅದು ಹಿಂದಕ್ಕೆ ಸರಿಯುತ್ತದೆ. ಅಚ್ಚು ದಾಟಿತೋ, ಟ್ರಾಕ್ಟರು ಓಡಿಸುವವನ ಮೇಲೆಯೇ ಮಗುಚುತ್ತದೆ. ನನಗೆ ಭಯವಾಯಿತು.

"ಕಬ್ಬನ್ನ ಹಿಂದಕ್ಕೆ ಸರಿಸು, ಇಲ್ಲ ಹೇರು ಕಮ್ಮಿ ಮಾಡು" ಎಂದೆ.

"ಟ್ರೈಲರಿನ ಇಂದ್ಲ ಹಲ್ಗೆ ತಡಿಯಕಿಲ್ಲ ಅತ್ಗೆಮ್ಮ. ಮೂತಿ ಮ್ಯಾಲೆ ಎಷ್ಟು ಬಾರ ಇದ್ರೆ ಏಳಕಿಲ್ಲ, ಅದ್ನ ಯೋಳಿ."

ನನ್ನ ಕ್ಲಾಸಿನಲ್ಲಿ ಪ್ರಶ್ನೆ ಕೇಳುವವರೇ ಇಲ್ಲ. ಹಿಗ್ಗಿಬಿಟ್ಟೆ. ಭಾರ ಅಚ್ಚಿನಿಂದ ದೂರವಾದಷ್ಟೂ ಕಡಿಮೆ ಸಾಕು, ಬಂಪರಿನ ತುದಿಯಲ್ಲಾದರೆ ಒಂದು ಭತ್ತದ ಮೂಟೆಯಷ್ಟು ಎಂದೆ. ಕಬ್ಬಿಣದ ತೂಕವನ್ನು ಬೋಲ್ಟು ಹಾಕಿ ಬಿಗಿಸಬೇಕೆಂದೂ ಹೇಳಿದೆ.

"ಆಯ್ತು ಬುಡಿ, ನೀವ್ ಯೋಳ್ದಂಗೇ ಮಾಡ್ತೀನಿ" ಎಂದ. ಅಂದು ನೆಮ್ಮದಿಯಾಗಿ ಉಂಡೆ.

ಆ ವಾರವೇ, ಕಾಲೇಜಿನಿಂದ ಬರುವಾಗ, ಅದೇ ದಿಬ್ಬದಲ್ಲಿ ಟ್ರಾಕ್ಟರು ನನ್ನ ಎದುರಿಗೆ ಹತ್ತಿ ಬರುತ್ತಿತ್ತು. ಹೇರು ಮೊದಲಿನಷ್ಟೇ. ಆದರೆ ಚಕ್ರಗಳು ನೆಲ ಕಚ್ಚಿಕೊಂಡಿದ್ದವು. ಲೆಕ್ಕ ಸರಿಯಾಗಿತ್ತು. ಬಂಪರಿನ ಮೇಲೆ, ಎಂಜಿನ್ನಿಗೆ ಬೆನ್ನು ಕೊಟ್ಟು, ಕಾಲು ಇಳಿಬಿಟ್ಟುಕೊಂಡು ನಮ್ಮನೆಯವರು ಕೂತಿದ್ದರು.

ಜಾರಿದರೆ ಚಕ್ರದಡಿಗೆ ಹೋಗುವವರು ಅವರೇ. ಸ್ಕೂಟಿಯನ್ನು ಅಲ್ಲೇ ಕೆಡವಿ ಓಡಿದೆ. "ಇಳೀರಿ! ಮೊದ್ಲು ಇಳೀರಿ ಕೆಳಗೆ!"

"ಸುಮ್ಕಿರಮ್ಮಿ. ಈಗ ನಾನ್ ಇಳುದ್ರೆ ಮೂತಿ ಎದ್ಬುಡ್ತದೆ" ಎಂದರು. ಅವರ ಕೈಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅವರ ತಲೆಯ ಮೇಲಿಂದ ಮೈದುನನ ಮುಖ ಕಾಣುತ್ತಿತ್ತು, ಅವನು ನಗುತ್ತಿರಲಿಲ್ಲ.

ಅವರು ಹೇಳಿದ್ದು ಸುಳ್ಳೆನ್ನಲು ನನ್ನಿಂದಾಗಲಿಲ್ಲ. ಲೆಕ್ಕ ನನ್ನದೇ.

"ಇಳೀಬೇಡಿ" ಎಂದೆ. "ಅಲ್ಲೇ ಕೂತ್ಕೊಳಿ, ಅಲುಗಾಡಬೇಡಿ."

ದಿಬ್ಬ ಇನ್ನೂ ಅರ್ಧ ಉಳಿದಿತ್ತು.